ಮುದ್ರೆಯೊಡೆಯದ ಪೆಟ್ಟಿಗೆ

ಅಡಿಕೆಯ ಊರಿನಲ್ಲಿ ಹುಟ್ಟಿ ಬೆಳೆದವನಿಗೆ ಧಾರಣೆಯ ಸುದ್ದಿ ಕಿವಿಗೆ ಬೀಳದೆ ಬೆಳಗಾಗುವುದಿಲ್ಲ. ನಮ್ಮ ಭೀಮಸಮುದ್ರದಲ್ಲಿ ರಾಶಿ, ಬೆಟ್ಟೆ, ಅಪಿ, ಕೆಂಪುಗೋಟುಗಳ ಬೆಲೆಯನ್ನು ತಡವರಿಸದೆ ಒಪ್ಪಿಸಬಲ್ಲ ಹುಡುಗರು ಹದಿಮೂರರ ಮಗ್ಗಿಗೆ ಬಂದಾಗ ತೊದಲುತ್ತಿದ್ದುದನ್ನು, ಮೂವತ್ತು ವರ್ಷ ಮೇಷ್ಟ್ರಾಗಿದ್ದ ನಾನು ಚೆನ್ನಾಗಿ ಬಲ್ಲೆನು. ಸುಲಿದು, ಬೇಯಿಸಿ, ಚೊಗರು ಹಾಕಿ, ಒಣಗಿಸಿದ ಅಡಿಕೆಯನ್ನು ಚೀಲಕ್ಕೆ ತುಂಬಿ, ಧಾರಣೆ ಏರುವ ತನಕ ಮೌನವಾಗಿ ಕಾಯುವ ವಿದ್ಯೆಯು ಇಲ್ಲಿಯ ಕೆರೆಯ ಗಾಳಿಯಲ್ಲಿಯೇ ಬೆರೆತಿದೆ. ನಿವೃತ್ತನಾದ ಮೇಲೆ ನನಗೆ ಹತ್ತಿದ ಮಕ್ಕಳಾಟದ ಹುಚ್ಚಿನಲ್ಲಿಯೂ ಅದೇ ಧಾರಣೆ, ಅದೇ ದಾಸ್ತಾನು ಎದುರಾದೀತೆಂದು ಮಾತ್ರ ನಾನು ಕನಸಿನಲ್ಲಿಯೂ ಎಣಿಸಿರಲಿಲ್ಲ.

ಆ ಹುಚ್ಚಿನ ಹೆಸರು ಲೆಗೋ. ಡೆನ್ಮಾರ್ಕಿನ ಬಿಲ್ಲುಂಡ್ ಎಂಬಲ್ಲಿ ಓಲೆ ಕಿರ್ಕ್ ಕ್ರಿಸ್ಟಿಯಾನ್ಸನ್ ಎಂಬ ಬಡಗಿಯು 1932ರಲ್ಲಿ ಮರದ ಆಟಿಕೆಗಳಿಂದ ಆರಂಭಿಸಿದ ಉದ್ಯಮವು 1958ರಲ್ಲಿ ಈಗಿನ ಪ್ಲಾಸ್ಟಿಕ್ ಇಟ್ಟಿಗೆಯ ರೂಪವನ್ನು ಕಂಡುಕೊಂಡಿತು. ಅಂದಿನ ಇಟ್ಟಿಗೆಯು ಇಂದಿನದಕ್ಕೂ ಟಕ್ಕೆಂದು ಕೂಡಿಕೊಳ್ಳುತ್ತದೆ. ಎಂಟೆಂಟು ಗುಬುಟುಗಳುಳ್ಳ ಒಂದೇ ಬಣ್ಣದ ಆರು ಇಟ್ಟಿಗೆಗಳನ್ನು 91,51,03,765 ಬಗೆಗಳಲ್ಲಿ ಜೋಡಿಸಬಹುದೆಂದು ಗಣಿತಜ್ಞರು ಲೆಕ್ಕ ಹಾಕಿದ್ದಾರೆ. ಮಧ್ಯಾಹ್ನದ ನಿಶ್ಶಬ್ದದಲ್ಲಿ, ಒಂದು ಕಾಲಕ್ಕೆ ಅಡಿಕೆ ಆರಿಸುತ್ತಿದ್ದ ನಮ್ಮ ಮನೆಯ ಹಳೆಯ ಮೊರದಲ್ಲಿಯೇ ಆ ತುಂಡುಗಳನ್ನು ಸುರಿದುಕೊಂಡು, ಕೆಂಪನ್ನು ಕೆಂಪಿಗೂ ಬಿಳಿಯನ್ನು ಬಿಳಿಗೂ ಬೇರ್ಪಡಿಸುತ್ತ ಕುಳಿತರೆ, ಜಪಸರವನ್ನು ಹಿಡಿದವನಿಗೆ ಸಿಕ್ಕುವ ನೆಮ್ಮದಿಯೇ ನನಗೂ ಸಿಕ್ಕುತ್ತದೆ.

ಆದರೆ ಪೆಟ್ಟಿಗೆಯನ್ನು ಸಂಪಾದಿಸುವುದಿದೆಯಲ್ಲ, ಅಲ್ಲಿ ನೆಮ್ಮದಿಯಿಲ್ಲ. 2020ರಲ್ಲಿ ಆಟಿಕೆಗಳ ಆಮದು ಸುಂಕವು ಶೇಕಡಾ 20ರಿಂದ 60ಕ್ಕೂ, 2023ರಲ್ಲಿ 70ಕ್ಕೂ ಏರಿದುದರಿಂದ, ಪಿಂಚಣಿದಾರನಿಗೆ ರಿಯಾಯಿತಿಯ ದಿನವೇ ಪರ್ವಕಾಲ. ಆದರೆ ಆ ದಿನವನ್ನು ನನಗಿಂತ ಆತುರದಿಂದ ಕಾದಿರುವವನು ಮರುಮಾರಾಟಗಾರ. 'ಒಬ್ಬರಿಗೆ ಎರಡೇ' ಎಂದು ಅಂಗಡಿಯವರು ಕಟ್ಟಳೆ ಮಾಡಿದರೆ, ಅವನು ಹೆಂಡತಿಯ ಹೆಸರಿನಲ್ಲಿ ಎರಡು, ಭಾವಮೈದುನನ ಹೆಸರಿನಲ್ಲಿ ಎರಡು ತರಿಸಿಕೊಂಡು ಅಟ್ಟಕ್ಕೇರಿಸುತ್ತಾನೆ. ಕಂಪನಿಯು ಆ ಮಾದರಿಯ ತಯಾರಿಕೆಯನ್ನು ನಿಲ್ಲಿಸಿದೊಡನೆ ಅಟ್ಟದ ಸರಕಿಗೆ ರೆಕ್ಕೆ ಬರುತ್ತದೆ. 1987ರಿಂದ 2015ರವರೆಗಿನ ಪೆಟ್ಟಿಗೆಗಳನ್ನು ಪರಿಶೀಲಿಸಿದ ರಷ್ಯದ ಇಬ್ಬರು ಸಂಶೋಧಕರು, ಮರುಮಾರಾಟದಲ್ಲಿ ವರ್ಷಕ್ಕೆ ಸರಾಸರಿ ಶೇಕಡಾ 11ರಷ್ಟಾದರೂ ಲಾಭವಿದೆಯೆಂದು ಕಂಡುಕೊಂಡರು. ನಾನೇ ಒಮ್ಮೆ ರಿಯಾಯಿತಿಯನ್ನು ಕಾದು ಕಾದು ತಪ್ಪಿಸಿಕೊಂಡು, ಬೆಂಗಳೂರಿನ ಒಬ್ಬನಿಂದ ಒಂದೂವರೆ ಪಟ್ಟು ಕೊಟ್ಟು ಹಡಗೊಂದನ್ನು ತರಿಸಿಕೊಂಡೆನು. ಮೂರು ತಿಂಗಳಲ್ಲಿ ಅದೇ ಹಡಗು ಬೇರೊಂದು ಅಂಗಡಿಯಲ್ಲಿ ಅರ್ಧ ಬೆಲೆಗೆ ಬಿಕರಿಯಾಯಿತು.

ಈ ಸಂಕಟವನ್ನು ನೆರೆಯ ಮಂಡಿಯ ಸಾವುಕಾರರಲ್ಲಿ ತೋಡಿಕೊಂಡಾಗ ಅವರು ನಕ್ಕರು: "ಮೇಷ್ಟ್ರೇ, ಮರದ ಮೇಲಿನ ಫಸಲನ್ನೇ ಖೇಣಿ ಹಿಡಿದವನು ಮಳೆಗೂ ತಯಾರಿರಬೇಕು, ಬಿಸಿಲಿಗೂ ತಯಾರಿರಬೇಕು. ಲಾಭ ಬಂದಾಗ ಮಾತ್ರ ಅವನು ನಿಮ್ಮ ಕಣ್ಣಿಗೆ ಬೀಳುತ್ತಾನೆ."

ಮಾತು ನಿಜ. 2008ರಲ್ಲಿ ಬಂದ 5,922 ತುಂಡುಗಳ ತಾಜಮಹಲಿನ ತಯಾರಿಕೆ ನಿಂತ ಮೇಲೆ ಅದರ ಬೆಲೆ ಹಲವು ಪಟ್ಟು ಏರಿತು. 2017ರಲ್ಲಿ ಕಂಪನಿಯು ಒಂದೇ ಒಂದು ತುಂಡು ಹೆಚ್ಚಿಸಿ, 5,923 ತುಂಡುಗಳ ತಾಜಮಹಲನ್ನು ಮತ್ತೆ ಹೊರತಂದಾಗ ಕೂಡಿಟ್ಟವರ ಗೋಪುರ ಕುಸಿಯಿತು. ಮೇಲಾಗಿ, ಎಂದೋ ನಿಂತುಹೋದ ಮಾದರಿಯೊಂದು ಇಂದು ನನಗೆ ದೊರೆತರೆ, ಅಷ್ಟು ವರ್ಷ ಅದನ್ನು ಇಲಿಗೂ ತೇವಕ್ಕೂ ಸಿಗದಂತೆ ಕಾಪಾಡಿದವನು ಆ ವ್ಯಾಪಾರಿಯೇ ಅಲ್ಲವೆ?

ಆದರೂ ಒಂದು ಭೇದವನ್ನು ನಾನು ಬಿಟ್ಟುಕೊಡಲಾರೆನು. ಅಡಿಕೆಯನ್ನು ಎಷ್ಟು ಕಾಲ ಕೂಡಿಟ್ಟರೂ ಒಂದು ದಿನ ಅದು ಎಲೆ ಸುಣ್ಣಗಳೊಡನೆ ಯಾರದೋ ಬಾಯನ್ನು ಸೇರಲೇಬೇಕು. ತಡಮಾಡಿದರೆ ಹುಳು ಬಿದ್ದು ದುರಾಶೆಗೆ ತಾನೇ ಮಿತಿಯನ್ನು ಹಾಕುತ್ತದೆ. ಪ್ಲಾಸ್ಟಿಕ್ ಇಟ್ಟಿಗೆಗೆ ಹುಳುವಿಲ್ಲ, ಮುಪ್ಪಿಲ್ಲ. ಪೆಟ್ಟಿಗೆ ಒಡೆಯದವನಿಂದ ಒಡೆಯದವನಿಗೆ ಕೈ ಬದಲಾಗುತ್ತ ಅದು ಎಷ್ಟು ಕಾಲ ಬೇಕಾದರೂ ಆಟಿಕೆಯಾಗದೆಯೇ ಉಳಿಯಬಲ್ಲದು. ಅಂಗಡಿಯ ಕಟ್ಟಳೆಯಿಂದಾಗದ ಕೆಲಸವನ್ನು ಕೊಂಡವನೇ ಮಾಡಬೇಕು: ಮುದ್ರೆಯನ್ನು ಒಡೆಯಬೇಕು.

ಹಡಗಿನ ಪೆಟ್ಟಿಗೆಯನ್ನು ಕಳೆದ ಭಾನುವಾರ ಒಡೆದೆನು. ಅಲ್ಲಿಯೇ ಕುಳಿತಿದ್ದ ಸಾವುಕಾರರು, "ಈಗ ಇದಕ್ಕೆ ಧಾರಣೆ ಎಷ್ಟು?" ಎಂದು ಕೇಳಿದರು. ಒಡೆದ ಮೇಲೆ ಬೆಲೆ ಬಿದ್ದುಹೋಗುತ್ತದೆಯೆಂದು ಹೇಳಿದೆನು. ಅವರು ಲೊಚಗುಟ್ಟಿದರು, ಆಮೇಲೆ ಮೊರವನ್ನು ತಮ್ಮ ಕಡೆಗೆ ಎಳೆದುಕೊಂಡರು. ಕತ್ತಲಾಗುವಷ್ಟರಲ್ಲಿ ಕೆಂಪು ತುಂಡುಗಳನ್ನೆಲ್ಲ ಒಂದೂ ತಪ್ಪದಂತೆ ಆರಿಸಿಕೊಟ್ಟವರು ಅವರೇ.