ಹಿತ್ತಾಳೆ ಬೆಳಗುವ ಮುನ್ನ

ಕಲ್ಯಾಣದಲ್ಲಿ ಕರ್ಜತ್ ಕಡೆಯ ಲೋಕಲ್ ಹತ್ತಿದರೆ ವಿಠ್ಠಲವಾಡಿ, ಉಲ್ಹಾಸನಗರ, ಆಮೇಲೆ ಅಂಬರನಾಥ. ಅಲ್ಲಿನ ಆಯುಧ ಕಾರ್ಖಾನೆಯಲ್ಲಿ ಕಾಡತೂಸಿಗೆ ಬೇಕಾದ ಹಿತ್ತಾಳೆ ತಯಾರಾಗುತ್ತದೆ. ಕಾಡತೂಸಿನ ಹಿತ್ತಾಳೆಯೆಂದರೆ 70 ಪಾಲು ತಾಮ್ರ, 30 ಪಾಲು ಸತು. ಡೊಂಬಿವಲಿಯ ಕನ್ನಡ ಮನೆಗಳ ದೀಪದ ಕಂಬ ಇದೇ ಬಳಗದ್ದು. ದೀಪಾವಳಿ ಬಂತೆಂದರೆ ಅದಕ್ಕೆ ಹುಣಸೆಹುಳಿ ಹಚ್ಚಿ ತಿಕ್ಕುತ್ತಾರೆ. ಫಳಫಳ ಹೊಳೆದರೆ ಕೆಲಸ ಮುಗಿಯಿತು.

ಹಾರಿಸಿದ ಕಾಡತೂಸಿಗೆ ಹೊಳಪೊಂದೇ ಸಾಲದು. ಮದ್ದು ತುಂಬಿ ಮತ್ತೆ ಬಳಸುವುದಾದರೆ ಅದು ಇನ್ನೊಮ್ಮೆ ಒತ್ತಡ ತಡೆಯಬೇಕು. ಹಾಗಾಗಿ ತಿರುಗುವ ಪೀಪಾಯಿಯಲ್ಲಿ ನೀರು, ಸೋಪು, ಚಿಟಿಕೆ ಸಿಟ್ರಿಕ್ ಆಸಿಡ್ ಜೊತೆ ಏನು ಹಾಕಬೇಕು ಎನ್ನುವುದಕ್ಕಿಂತ, ಹಾಕಿದ್ದು ಒಳಗೆ ಏನು ಉಳಿಸಿ ಹೋಗುತ್ತದೆ ಎಂದು ಕೇಳುವುದು ಮೇಲು.

ಸ್ಟೀಲಿನ ಸಣ್ಣ ಕಡ್ಡಿಗಳು ಮೂಲೆಮೂಲೆಯ ಮಸಿಯನ್ನೂ ಕೆರೆದು ತೆಗೆಯುತ್ತವೆ. ಆದರೆ ಕಿಡಿ ಹಾಯುವ ತೂತು ಸುಮಾರು 2 ಮಿಲಿಮೀಟರ್, ಕಡ್ಡಿಯ ದಪ್ಪ 1.2. ಎರಡು ಒಟ್ಟಿಗೆ ನುಗ್ಗಿದರೆ ಸಿಕ್ಕಿಕೊಳ್ಳುತ್ತವೆ. ಗಂಟೆಗಟ್ಟಲೆ ತಿರುಗಿಸಿದರೆ ಬಾಯಿಯ ಅಂಚೂ ಬಡಿಸಿಕೊಂಡು ಕೆಡುತ್ತದೆ. ಚಪ್ಪಟೆ ಚಿಪ್ಸ್ ಅಷ್ಟು ಸಿಕ್ಕಿಕೊಳ್ಳುವುದಿಲ್ಲ. ಏನೂ ಹಾಕದೆ ಬರೀ ಸೋಪು, ಹುಳಿಯಲ್ಲಿ ತಿರುಗಿಸಿದರೆ ಹೊರಮೈ ಶುಚಿಯಾಗುತ್ತದೆ, ಒಳಗೆ ಒಂದಿಷ್ಟು ಮಸಿ ಉಳಿಯುತ್ತದೆ. ಅದರಿಂದ ಹೆಚ್ಚೇನೂ ತೊಂದರೆಯಿಲ್ಲ. ಹುಳಿ ಅತಿಯಾದರೆ ಸತು ಕರಗಿ ಹಿತ್ತಾಳೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ರಾತ್ರಿಯಿಡೀ ಹುಣಸೆಯಲ್ಲಿ ನೆನೆಸಿಟ್ಟ ಹಿತ್ತಾಳೆ ಪಾತ್ರೆಯ ಕತೆಯೂ ಇದೇ.

ಅಮೋನಿಯ ಇರುವ ಪಾಲಿಶನ್ನಂತೂ ಹತ್ತಿರ ಸೇರಿಸಬಾರದು. ಬ್ರಿಟಿಷರ ಕಾಲದ ಭಾರತದಲ್ಲಿ ಸೇನೆಯ ಕಾಡತೂಸುಗಳು ಮಳೆಗಾಲದಲ್ಲಿ ಇಟ್ಟಲ್ಲೇ ಸೀಳುತ್ತಿದ್ದವು. ಅವನ್ನು ಕುದುರೆ ಲಾಯಗಳಲ್ಲಿ ಇಡುತ್ತಿದ್ದರು. ಮೂತ್ರದ ಅಮೋನಿಯ, ತೇವ, ತಯಾರಿಕೆಯಲ್ಲಿ ಲೋಹದೊಳಗೆ ಉಳಿದ ಬಿಗಿತ, ಈ ಮೂರೂ ಸೇರಿ ಹಿತ್ತಾಳೆ ಬಿರಿಯುತ್ತದೆಂದು 1921ರಲ್ಲಿ ಮೂರ್, ಬೆಕಿನ್‌ಸೇಲ್, ಮಾಲಿನ್‌ಸನ್ ವಿವರಿಸಿದರು. ಕಲ್ಯಾಣದ ಜುಲೈಯಲ್ಲಿ ತೇವಕ್ಕಂತೂ ಬರವಿಲ್ಲ.

ಇನ್ನು ಉಳಿಯುವುದು ತೊಳೆದ ಕಪ್ಪು ನೀರು. ಪ್ರೈಮರಿನ ಮಸಿಯಲ್ಲಿ ಸೀಸವಿರುತ್ತದೆ. ಒಣ ವಿಧಾನದಲ್ಲಿ ಅದು ಧೂಳಾಗಿ ಉಸಿರಿಗೆ ಹೋಗುತ್ತದೆ, ಒದ್ದೆ ವಿಧಾನದಲ್ಲಿ ನೀರಿಗಿಳಿಯುತ್ತದೆ. ಆ ನೀರನ್ನು ಬಚ್ಚಲಿಗೆ ಸುರಿದರೆ ಸೀಸ ಕೊನೆಗೆ ಸೇರುವುದು ಹೊಳೆಗೆ. ಅಂಬರನಾಥದ 1060ರ ಶಿವಾಲಯದ ಪಕ್ಕದಲ್ಲೇ ಹರಿದು, ಉಲ್ಹಾಸನಗರ ದಾಟಿ ಕಲ್ಯಾಣಕ್ಕೆ ಬರುವ ವಾಲಧುನಿ ಈಗಾಗಲೇ ಊರೂರ ಕೊಳೆ ಹೊತ್ತಿದೆ. ನೀರನ್ನು ತಿಳಿಯಾಗಲು ಬಿಟ್ಟು, ಸೋಸಿ, ಗಸಿಯನ್ನು ಬೇರೆ ಡಬ್ಬಿಯಲ್ಲಿ ಮುಚ್ಚಿಡಬೇಕು. ಅಪಾಯಕಾರಿ ತ್ಯಾಜ್ಯದ ವಿಲೇವಾರಿ ಕೇಂದ್ರ ನವಿ ಮುಂಬೈಯ ತಳೋಜದಲ್ಲೇ ಇದೆ. ಕಾಡತೂಸು ಬೆಳಗುವ ಕೆಲಸ ಮುಗಿಯುವುದು ಆ ಡಬ್ಬಿ ಅಲ್ಲಿಗೆ ಸೇರಿದಾಗ.