ಚುಕ್ಕಾಣಿ ಹಿಡಿದ ಯಂತ್ರ

ಬಟವಾಡಿಯಲ್ಲಿ ಬಾಳುವವರಿಗೆ ಕಡಲಿನ ಮಾತೇಕೆ ಎಂದು ಓದುಗರು ಕೇಳಬಹುದು. ನಮ್ಮೂರನ್ನು ಹಾದುಹೋಗುವ ಬಿ.ಎಚ್. ರಸ್ತೆಯ ಹೆಸರಿನಲ್ಲೇ ಕಡಲಿದೆ. ‘ಬಿ’ ಎಂದರೆ ಬೆಂಗಳೂರು, ‘ಎಚ್’ ಎಂದರೆ ಹೊನ್ನಾವರ. ಲಾರಿಗಳ ಸದ್ದಿನಲ್ಲಿ ನಾವದನ್ನು ಮರೆತಿದ್ದೇವೆ, ಅಷ್ಟೆ.

ಶರಾವತಿಯು ಕಡಲನ್ನು ಸೇರುವ ಆ ಊರಿನಲ್ಲಿ ನನ್ನ ಹಿರಿಯ ಮಿತ್ರರೊಬ್ಬರಿದ್ದಾರೆ. ಸರಕು ಹಡಗುಗಳಲ್ಲಿ ದುಡಿದು ನಿವೃತ್ತರಾದವರು. ಗೋವೆಯಿಂದ ಕೊಂಡು ತಂದ, ನಲವತ್ತು ವರ್ಷ ದಾಟಿದ ಫೈಬರ್‌ಗ್ಲಾಸ್ ಹಾಯಿದೋಣಿಯೊಂದು ಅವರ ಬಳಿ ಇದೆ. ಭುಜದ ನೋವಿನಿಂದಾಗಿ ಗಂಟೆಗಟ್ಟಲೆ ಚುಕ್ಕಾಣಿಯ ಹಿಡಿಗೋಲು ಹಿಡಿದು ಕೂರಲು ಆಗದಿದ್ದಾಗ, ದೋಣಿಗೆ ಆಟೊಪೈಲಟ್ ಜೋಡಿಸಲು ಅವರು ನಿಶ್ಚಯಿಸಿದರು. ಪತ್ನಿಗೆ ಇದು ಸುತರಾಂ ಒಪ್ಪಿಗೆಯಿರಲಿಲ್ಲ. ಇಬ್ಬರೂ ನನಗೆ ಬೇರೆಬೇರೆಯಾಗಿ ಫೋನ್ ಮಾಡಿದರು. ಕಳೆದ ಜನವರಿಯಲ್ಲಿ ನಾಲ್ಕು ದಿನಗಳ ಮಟ್ಟಿಗೆ ಹೋಗಿ ಬಂದೆ.

ಉಪಕರಣ ನೋಡಲು ಸರಳ. ಸೈಕಲ್ ಪಂಪಿನಂತೆ ಒಳಹೊರಗೆ ಚಾಚುವ ಒಂದು ದಂಡ. ಅದರೊಳಗೆ ಪುಟ್ಟ ಮೋಟಾರು ಮತ್ತು ವಿದ್ಯುನ್ಮಾನ ದಿಕ್ಸೂಚಿ. ದೋಣಿ ದಿಕ್ಕು ತಪ್ಪಿದೊಡನೆ ದಂಡವು ಹಿಡಿಗೋಲನ್ನು ತಳ್ಳುತ್ತದೆ ಇಲ್ಲವೆ ಎಳೆಯುತ್ತದೆ. ಆದರೆ ಹಳೆಯ ದೋಣಿಗೆ ಅದನ್ನು ಜೋಡಿಸುವುದು ಸರಳವಲ್ಲ. ದಂಡದ ತುದಿ ಹಿಡಿಗೋಲನ್ನು ಸೇರುವ ಮೊಳೆಯು ಚುಕ್ಕಾಣಿಯ ತಿರುಗುಕಂಬದಿಂದ 46 ಸೆಂಟಿಮೀಟರ್ ದೂರದಲ್ಲೇ ಇರಬೇಕು. ಚುಕ್ಕಾಣಿ ನೇರವಾಗಿರುವಾಗ ದಂಡವು ಹಿಡಿಗೋಲಿಗೆ ಲಂಬವಾಗಿ ನಿಲ್ಲಬೇಕು. ಇನ್ನೊಂದು ತುದಿಗೆ ಆಸನದ ಹಲಗೆಯಲ್ಲಿ ರಂಧ್ರ ಕೊರೆಯಬೇಕು. ಅಲ್ಲಿ ಫೈಬರ್‌ಗ್ಲಾಸ್ ಪದರಗಳ ನಡುವೆ ಹಗುರವಾದ ಬಾಲ್ಸಾ ಮರವಿತ್ತು. ಕೊರೆದ ಅಂಚಿಗೆ ಎಪಾಕ್ಸಿ ತುಂಬಿ ಮುಚ್ಚದಿದ್ದರೆ ನೀರಿಳಿದು ಮರ ಒಳಗೊಳಗೇ ಕೊಳೆಯುತ್ತದೆ. ಹಳೆಯ ತಂತಿ ತೆಳ್ಳಗಿದ್ದು, ಬ್ಯಾಟರಿಯ 12 ವೋಲ್ಟ್ ಮೋಟಾರನ್ನು ತಲುಪುವಷ್ಟರಲ್ಲಿ ಸೊರಗುತ್ತಿತ್ತು, ಅದನ್ನೂ ಬದಲಿಸಿದರು. ಕಬ್ಬಿಣದ ಸಲಕರಣೆ ಪೆಟ್ಟಿಗೆಯನ್ನು ನಾನು ದಂಡದ ಪಕ್ಕದಲ್ಲಿಡಲು ಹೋದಾಗ ಮಿತ್ರರು ನಯವಾಗಿ ತಡೆದರು. ದಿಕ್ಸೂಚಿಗೆ ಕಬ್ಬಿಣದ ಸಾಮೀಪ್ಯ ಸಲ್ಲದು.

ಇಷ್ಟಾದರೂ ಯಂತ್ರವನ್ನು ಚಾಲೂ ಮಾಡಲಿಲ್ಲ. ಮೊದಲು ಚುಕ್ಕಾಣಿಯ ಸಡಿಲ ಸರಿಪಡಿಸಿ, ಹಾಯಿಗಳನ್ನು ಗಾಳಿಗೆ ತಕ್ಕಂತೆ ಹದಗೊಳಿಸಿದರು. ಸಮತೋಲವಿಲ್ಲದ ದೋಣಿಯಲ್ಲಿ ಯಂತ್ರವು ಹಗಲಿರುಳೂ ಹೆಣಗಿ ಬ್ಯಾಟರಿಯನ್ನು ಬರಿದು ಮಾಡುತ್ತದೆಯಂತೆ. ಈ ಮಾತಿಗೆ ಅವರು ‘ಸುಹೈಲಿ’ಯನ್ನು ನೆನೆದರು. ಅದು ನಮ್ಮ ಮುಂಬಯಿಯಲ್ಲಿ ತೇಗದ ಮರದಿಂದ ಕಟ್ಟಿದ ದೋಣಿ. ರಾಬಿನ್ ನಾಕ್ಸ್-ಜಾನ್‌ಸ್ಟನ್ 1968ರ ಜೂನ್‌ನಿಂದ 1969ರ ಏಪ್ರಿಲ್‌ವರೆಗೆ, 312 ದಿನ, ಎಲ್ಲೂ ನಿಲ್ಲದೆ ಒಬ್ಬರೇ ಭೂಮಿಯನ್ನು ಸುತ್ತಿದ್ದು ಅದರಲ್ಲೇ. ಗಾಳಿಯ ಬಲದಿಂದಲೇ ನಡೆಯುವ ಅವರ ಸ್ವಯಂಚಾಲಿತ ಚುಕ್ಕಾಣಿಯು ಆಸ್ಟ್ರೇಲಿಯಾದ ಸಮೀಪದಲ್ಲಿ ಮುರಿದುಹೋಯಿತು. ಹಾಯಿಗಳ ಸಮತೋಲವನ್ನು ನೆಚ್ಚಿಕೊಂಡೇ ಅವರು ಉಳಿದ ದಾರಿ ಸವೆಸಿದರು. ಆ ಯಾನದ ನೆನಪಿಗೆ ನಡೆಯುವ ಗೋಲ್ಡನ್ ಗ್ಲೋಬ್ ಸ್ಪರ್ಧೆಯಲ್ಲಿ ವಿದ್ಯುತ್ ಆಟೊಪೈಲಟ್‌ಗೆ ಇಂದಿಗೂ ಅವಕಾಶವಿಲ್ಲ. ನಮ್ಮ ನೌಕಾಪಡೆಯ ನಿವೃತ್ತ ಅಧಿಕಾರಿ ಅಭಿಲಾಷ್ ಟಾಮಿ 2023ರಲ್ಲಿ ಎರಡನೆಯವರಾಗಿ ಗುರಿ ಮುಟ್ಟಿದ್ದು ಗಾಳಿಯ ಚುಕ್ಕಾಣಿಯಿಂದಲೇ.

ಪತ್ನಿ ಇದೆಲ್ಲವನ್ನೂ ತಾಳ್ಮೆಯಿಂದ ಕೇಳಿದರು. ಬಳಿಕ ನನ್ನತ್ತ ತಿರುಗಿ, “ಫಾದರ್, ಇವರು ನೀರಿಗೆ ಬಿದ್ದರೆ ಆ ಯಂತ್ರಕ್ಕೆ ಗೊತ್ತಾಗುತ್ತದೆಯೇ?” ಎಂದರು.

ಮಿತ್ರರು ಮೌನವಾದರು. ಹಡಗಿನ ಬದುಕು ಕಂಡವರು. ಪ್ರಶ್ನೆಯ ಭಾರ ಅವರಿಗೆ ನನಗಿಂತ ಚೆನ್ನಾಗಿ ತಿಳಿದಿತ್ತು. ಕೈಯಿಂದ ನಡೆಸುವಾಗ ಹಿಡಿಗೋಲು ಕೈತಪ್ಪಿದರೆ, ಇಂತಹ ದೋಣಿ ಸಾಮಾನ್ಯವಾಗಿ ತಾನಾಗಿ ಗಾಳಿಗೆ ಮುಖ ತಿರುಗಿಸಿ, ಹಾಯಿ ಪಟಪಟಿಸುತ್ತ ವೇಗ ಕಳೆದುಕೊಳ್ಳುತ್ತದೆ. ಬಿದ್ದವನಿಗೆ ಈಜಿ ಮುಟ್ಟುವ ಆಸೆಯಾದರೂ ಉಳಿಯುತ್ತದೆ. ಯಂತ್ರ ಹಿಡಿದ ಚುಕ್ಕಾಣಿಗೆ ಈ ಗುಣವಿಲ್ಲ. ಐದು ನಾಟ್ ವೇಗದಲ್ಲಿ ದೋಣಿಯು ನಿಮಿಷಕ್ಕೆ ಸುಮಾರು 150 ಮೀಟರ್ ಮುಂದೆ ಸಾಗುತ್ತದೆ. ಯಂತ್ರ ಎಷ್ಟು ನಿಷ್ಠೆಯಿಂದ ದುಡಿಯುತ್ತದೆಯೋ ಅಷ್ಟು ನೇರವಾಗಿ ಅದು ಯಜಮಾನನನ್ನು ಬಿಟ್ಟುಹೋಗುತ್ತದೆ. ಕೊರಳಿಗೆ ಧರಿಸುವ, ನೀರಿಗೆ ಬಿದ್ದೊಡನೆ ಸಂಕೇತ ಕಳಿಸುವ ಸಾಧನಗಳೂ ಈಗ ಇವೆ. ಆದರೆ ದೋಣಿಯಲ್ಲಿ ಮತ್ತೊಬ್ಬರಿಲ್ಲದಿದ್ದರೆ ಅದರ ಕೂಗನ್ನು ಕೇಳುವವರಾರು?

ಎದುರಿನ ಪಾತಿದೋಣಿಯನ್ನಾಗಲಿ, ಹರಡಿದ ಬಲೆಯನ್ನಾಗಲಿ ಅದು ಕಾಣುವುದೂ ಇಲ್ಲ. ಪ್ರತಿಯೊಂದು ನೌಕೆಯಲ್ಲೂ ಸದಾಕಾಲ ಕಣ್ಣು ಕಿವಿಗಳ ಕಾವಲಿರಬೇಕೆಂದು 1972ರ ಅಂತರರಾಷ್ಟ್ರೀಯ ನಿಯಮಗಳ ಐದನೆಯದು ವಿಧಿಸುತ್ತದೆ. ಗಲಿಲೇಯದ ಬಿರುಗಾಳಿಯ ರಾತ್ರಿ ಪ್ರಭು ದೋಣಿಯ ಹಿಂಬದಿಯಲ್ಲಿ ನಿದ್ರಿಸುತ್ತಿದ್ದರೆಂದು ಮಾರ್ಕನು ಬರೆದಿದ್ದಾನೆ. ಚುಕ್ಕಾಣಿ ಹಿಡಿದು ಎಚ್ಚರವಾಗಿದ್ದ ಶಿಷ್ಯ ಯಾರೆಂದು ಬರೆದಿಲ್ಲ. ಆ ಅನಾಮಿಕನ ಮೇಲೆ ನನಗೆ ಬಹುಕಾಲದಿಂದ ಅಕ್ಕರೆ.

“ಹಾಗಾದರೆ ಯಂತ್ರ ಬೇಡವೇ ಅಕ್ಕ?” ಎಂದೆ.

“ಬೇಡ ಎಂದು ಯಾರೆಂದರು? ಒಬ್ಬರೇ ಹೋಗುವುದು ಬೇಡ, ಅಷ್ಟೆ.”

ಅವರ ಭಯ ಯಂತ್ರದ್ದಲ್ಲ, ಯಂತ್ರ ಬಂದ ಮೇಲೆ ತಾವು ದೋಣಿಗೆ ಬೇಡವಾಗುತ್ತೇವೆಂಬುದು. ನನ್ನ ಸಂಧಾನದ ಅಗತ್ಯವೇ ಬೀಳಲಿಲ್ಲ. ಮರುದಿನ ಮಿತ್ರರು ದೋಣಿಯ ನಡುಗೆರೆಯುದ್ದಕ್ಕೂ ಗಟ್ಟಿಯಾದ ಪಟ್ಟಿಯೊಂದನ್ನು ಬಿಗಿದು, ಎದೆಯ ಕವಚದಿಂದ ಅದಕ್ಕೆ ಸಿಕ್ಕಿಸುವ ಹಗ್ಗವನ್ನು ಅಂಚಿನಿಂದಾಚೆ ಬೀಳಲಾರದಷ್ಟು ಗಿಡ್ಡ ಮಾಡಿದರು. ಪತ್ನಿಯೂ ಕವಚ ತೊಟ್ಟು ಏರಿದರು. ಅಳಿವೆಯ ಒಳಗೆ, ನದಿಯ ನಿಶ್ಚಲ ನೀರಿನಲ್ಲಿ, ಸಿಪ್ಪೆ ಸುಲಿಯದ ತೆಂಗಿನಕಾಯೊಂದನ್ನು ಮಿತ್ರರು ನೀರಿಗೆ ಎಸೆದು, “ಬಿದ್ದದ್ದು ನಾನು” ಎಂದರು. ಆಕೆ ಗುಂಡಿ ಒತ್ತಿ ಯಂತ್ರ ನಿಲ್ಲಿಸಿ, ದಂಡ ಕಳಚಿ, ದೋಣಿ ತಿರುಗಿಸಬೇಕು. ಮೂರು ಸಲ ಕಾಯಿ ಕೈಗೆ ಸಿಗಲಿಲ್ಲ. ಒಮ್ಮೆಯಂತೂ ದೋಣಿ ಅದರ ಮೇಲೆಯೇ ಹಾದುಹೋಯಿತು. ನಾಲ್ಕನೆಯ ಸಲ ಆಕೆ ಬಾಗಿ ಎತ್ತಿಕೊಂಡರು. ಆ ಸಂಜೆ ಅದನ್ನೇ ಸುಲಿದು, ತುರಿದು, ಮೀನಿನ ಸಾರಿಗೆ ಅರೆದರು.