ಆಮೆಯ ನೆನಹು

ಕಡಲೆಂಬುದು ನಮ್ಮ ಯಲಬುರ್ಗಾ ಸೀಮೆಯವರಿಗೆ ಕೇಳಿ ತಿಳಿದ ಸಂಗತಿಯೇ ಹೊರತು ಕಂಡು ತಿಳಿದದ್ದಲ್ಲ. ತುಂಗಭದ್ರೆಯ ಎಡದಂಡೆ ಕಾಲುವೆಯಿಂದ ಗಂಗಾವತಿಯ ಕಡೆ ಭತ್ತದ ಗದ್ದೆಗಳು ಹಸಿರಾದವು. ಯಲಬುರ್ಗಾ, ಕುಷ್ಟಗಿ ಕಡೆಯ ನಾವು ಮಾತ್ರ ಮುಗಿಲು ನೋಡುತ್ತ ಬೆಳೆದವರು. ಹುಲಿಗೆಮ್ಮನ ಜಾತ್ರೆಗೆ ಹೋದಾಗ ಮುನಿರಾಬಾದಿನ ಆಣೆಕಟ್ಟಿನ ಹಿಂದೆ ನಿಂತ ನೀರನ್ನು ಕಂಡು, ಇದಕ್ಕಿಂತ ದೊಡ್ಡ ನೀರು ಲೋಕದಲ್ಲಿ ಇರಲಾರದೆಂದು ಚಿಕ್ಕಂದಿನಲ್ಲಿ ನಾನು ನಂಬಿದ್ದೆ.

ಅಂಥ ಊರಿನವಳಾದ ನಾನು 2011ರಿಂದ ಮೂರು ವರ್ಷ ಒಮಾನ್ ದೇಶದ ರಾಜಧಾನಿ ಮಸ್ಕತ್ತಿನಲ್ಲಿ, ಭಾರತೀಯ ಮಕ್ಕಳ ಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕಿಯಾಗಿದ್ದೆ. ಹೊಲದಲ್ಲಿ ಕೊರೆಸಿದ ಎರಡು ಕೊಳವೆಬಾವಿಗಳೂ ಬತ್ತಿದ್ದವು. ಸಾಲ ಮಾತ್ರ ಬತ್ತದೆ ಉಳಿದಿತ್ತು. ಯಜಮಾನರು ಹೊಲ ಬಿಟ್ಟು ಬರುವಂತಿರಲಿಲ್ಲ. ಕೈಯಲ್ಲಿ ಪದವಿ ಇದ್ದವಳು ನಾನೊಬ್ಬಳೇ ಆದ್ದರಿಂದ ನಾನೇ ಹೊರಟೆ. ನಾಲ್ಕು ವರ್ಷದ ಮಗಳನ್ನು ಅತ್ತೆಯವರ ಮಡಿಲಿಗೆ ಹಾಕಿ ಹೋದೆ.

ಹೊರಡುವ ಮುನ್ನ ಮನಸ್ಸಿಗೆ ಒಂದು ಸಮಾಧಾನ ಕಟ್ಟಿಕೊಂಡಿದ್ದೆ. ಶ್ರಾವಣದ ಪ್ರವಚನಗಳಲ್ಲಿ ನಾವೆಲ್ಲರೂ ಕೇಳಿದ ಮಾತು ಅದು: ಮೀನು ನೋಟದಿಂದ, ಹಕ್ಕಿ ಕಾವಿನಿಂದ, ಆಮೆ ನೆನಹಿನಿಂದ ತಮ್ಮ ಮರಿಗಳನ್ನು ಸಲಹುತ್ತವೆಯಂತೆ. ಆಮೆಯು ದಂಡೆಯಲ್ಲಿ ಮೊಟ್ಟೆಯಿಟ್ಟು ನೀರಿಗೆ ಹೋದರೂ ಅದರ ನೆನಹೇ ಮರಿಗಳನ್ನು ಕಾಯುತ್ತದೆ ಎಂಬುದು ಅದರ ಭಾವ. ನಾನೂ ಹಾಗೆಯೇ ನೆನೆದು ಸಲಹುವೆನೆಂದುಕೊಂಡೆ. ಎರಡು ವರ್ಷ ಆ ಮಾತೇ ನನಗೆ ಊರುಗೋಲಾಗಿತ್ತು.

2013ರ ಸೆಪ್ಟೆಂಬರ್ 5ರಂದು, ಗುರುವಾರ, ಶಾಲೆಯಲ್ಲಿ ಶಿಕ್ಷಕರ ದಿನಾಚರಣೆ ಮುಗಿಯಿತು. ನಮ್ಮ ಕಡೆ ಅಂದು ಬೆನಕನ ಅಮಾವಾಸ್ಯೆ. ಆ ದೇಶದಲ್ಲಿ ಶುಕ್ರವಾರ, ಶನಿವಾರ ವಾರದ ರಜೆ. ಆರು ಮಂದಿ ಶಿಕ್ಷಕಿಯರು ವ್ಯಾನೊಂದನ್ನು ಗೊತ್ತುಮಾಡಿಕೊಂಡು ಸಮುದ್ರತೀರದ ಪ್ರವಾಸಕ್ಕೆ ಹೊರಟೆವು. ಹಸಿರು ಕಡಲಾಮೆಗಳು ಮೊಟ್ಟೆಯಿಡಲು ಬರುವ ರಾಸ್ ಅಲ್ ಜಿಂಜ್ ಎಂಬ ತೀರವನ್ನು ನೋಡಬೇಕೆಂಬುದು ಎಲ್ಲರ ಆಸೆ. ಅದು ಅರಬ್ ಪರ್ಯಾಯ ದ್ವೀಪದ ಪೂರ್ವದ ತುದಿ.

ಮಸ್ಕತ್ತಿನಿಂದ ಸೂರ್ ಪಟ್ಟಣಕ್ಕೆ ಸುಮಾರು 200 ಕಿಲೋಮೀಟರ್ ದಾರಿ. ಬಲಕ್ಕೆ ಹುಲ್ಲುಕಡ್ಡಿಯೂ ಇಲ್ಲದ ಬೋಳು ಬೆಟ್ಟಗಳು, ಎಡಕ್ಕೆ ನೀಲಿ ಕಡಲು. ನಡುದಾರಿಯಲ್ಲಿ ಬಿಮ್ಮಾ ಎಂಬಲ್ಲಿ ಸುಣ್ಣಕಲ್ಲಿನ ನೆಲ ಕುಸಿದು ಆದ ದೊಡ್ಡ ಹೊಂಡವಿದೆ. ಆಕಾಶದ ಚುಕ್ಕೆ ಬಿದ್ದು ಆದದ್ದೆಂದು ಅಲ್ಲಿಯ ಜನ ಹೇಳುತ್ತಾರೆ. ಅದರ ತಿಳಿಹಸಿರು ನೀರಿನ ಬಳಿ ಕುಳಿತು ಬುತ್ತಿ ಬಿಚ್ಚಿದೆವು. ಊರಿನಿಂದ ಬಂದ ಕಟಕ ರೊಟ್ಟಿ, ಶೇಂಗಾ ಹಿಂಡಿ ನನ್ನದು. ಚಿತ್ರಾನ್ನ ತಮಿಳುನಾಡಿನ ಗೆಳತಿಯದು. ಸೂರ್ ಪಟ್ಟಣದಲ್ಲಿ ಕಟ್ಟಿಗೆಯ ಹಡಗು ಕಟ್ಟುವ ಜಾಗ ಕಂಡೆವು. ಹಿಂದೆ ಆ ಹಡಗುಗಳಿಗೆ ಸಾಗವಾನಿ ಬರುತ್ತಿದ್ದುದು ನಮ್ಮ ಮಲಬಾರಿನಿಂದ. ಅದನ್ನು ಕೇಳಿ ಕೇರಳದ ಗೆಳತಿ ಮರದ ಹಲಗೆಯೊಂದನ್ನು ತವರಿನವರನ್ನು ಕಂಡಂತೆ ಸವರಿದಳು. ಸಂಜೆ ದಂಡೆಯಲ್ಲಿ ಎಲ್ಲರೂ ಸೀರೆ, ಚೂಡಿದಾರದ ಅಂಚು ಎತ್ತಿ ಹಿಡಿದು ತೆರೆಗಳಲ್ಲಿ ಓಡಾಡಿ ಚಿಕ್ಕ ಮಕ್ಕಳಂತೆ ನಕ್ಕೆವು. ನಗುನಗುತ್ತಲೇ ನನಗೆ ಎದೆಯೊಳಗೆ ಮುಳ್ಳಾಡಿದಂತಾಯಿತು. ಮಗಳು ಇನ್ನೂ ಕಡಲನ್ನೇ ಕಂಡಿರಲಿಲ್ಲ.

ರಾತ್ರಿ ಮಾರ್ಗದರ್ಶಿಯೊಬ್ಬರು ನಮ್ಮನ್ನು ಕತ್ತಲೆಯಲ್ಲಿ ನಡೆಸಿಕೊಂಡು ಹೋದರು. ದೀಪ ಹಚ್ಚಬಾರದು, ಮಾತಾಡಬಾರದು, ಫೋಟೋ ತೆಗೆಯಬಾರದು. ಬೆಳಕು ಕಂಡರೆ ಆಮೆ ಬೆದರಿ ಮರಳಿಹೋಗುತ್ತದೆ. ಅಮಾವಾಸ್ಯೆಯ ಮರುದಿನವಾದ್ದರಿಂದ ಚಂದ್ರನಿರಲಿಲ್ಲ. ಚುಕ್ಕೆಗಳು ಕೈಗೆ ಸಿಗುವಷ್ಟು ಸಮೀಪವೆನಿಸುತ್ತಿದ್ದವು. ನೂರು ಕಿಲೋ ಮೀರಿದ ಆ ಪ್ರಾಣಿ ತನ್ನ ಭಾರವನ್ನು ತಾನೇ ಎಳೆದುಕೊಂಡು ಮರಳಿಗೆ ಬಂದಿತ್ತು. ಮುಂಗಾಲುಗಳಿಂದ ಮೈ ಹುದುಗುವಷ್ಟು ಗುಂಡಿ ತೋಡಿ, ಹಿಂಗಾಲುಗಳಿಂದ ಕೊಡದಾಕಾರದ ಆಳವಾದ ಕುಳಿ ಮಾಡಿತ್ತು. ಅದರೊಳಗೆ ಒಂದೊಂದಾಗಿ ಬಿಳಿಯ ಮೊಟ್ಟೆಗಳು ಬೀಳುತ್ತಿದ್ದವು. ಒಂದು ಸಲಕ್ಕೆ ಸುಮಾರು ನೂರು ಮೊಟ್ಟೆಗಳಿರುತ್ತವೆ. ಆಮೆಯ ಕಣ್ಣಿಂದ ನೀರು ಸುರಿಯುತ್ತಿತ್ತು.

“ಅಳಾಕತ್ತೈತಿ ನೋಡ್ರೀ” ಎಂದು ಧಾರವಾಡದ ಗೆಳತಿ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು. ಅದು ಅಳುವಲ್ಲ, ಮೈಯೊಳಗಿನ ಹೆಚ್ಚಿನ ಉಪ್ಪನ್ನು ಹೊರಹಾಕುವ ಬಗೆ ಎಂಬುದನ್ನು ನಾನೇ ತರಗತಿಯಲ್ಲಿ ಪಾಠ ಹೇಳಿದ್ದೆ. ಆದರೂ ಅವಳಿಗೆ ತಿದ್ದಿ ಹೇಳಲು ನನಗೆ ಬಾಯಿ ಬರಲಿಲ್ಲ.

ಕುಳಿಯನ್ನು ಮುಚ್ಚಿ, ಗುರುತು ಸಿಗದಂತೆ ಸುತ್ತೆಲ್ಲ ಮರಳೆರಚಿ, ಆಮೆ ಕಡಲಿನತ್ತ ತೆವಳಿತು. ಒಮ್ಮೆಯೂ ಹಿಂದಿರುಗಿ ನೋಡಲಿಲ್ಲ. ಮೊದಲ ತೆರೆ ಬಂದು ಅದನ್ನು ಎತ್ತಿಕೊಂಡಿತು. ಮೊಟ್ಟೆಗಳಿಗೆ ಕಾವು ಕೊಡುವುದು ಮರಳಿನ ಬಿಸಿ. ಮರಿ ಗಂಡಾಗುವುದೋ ಹೆಣ್ಣಾಗುವುದೋ ಎಂಬುದನ್ನೂ ಆ ಬಿಸಿಯೇ ನಿರ್ಧರಿಸುತ್ತದೆ. ಸುಮಾರು ಎರಡು ತಿಂಗಳಿಗೆ ಮರಿಗಳು ಹೊರಬರುತ್ತವೆ. ನರಿ, ಏಡಿ, ಕಡಲಹಕ್ಕಿಗಳ ಬಾಯಿ ತಪ್ಪಿಸಿಕೊಂಡು ನೀರು ಮುಟ್ಟಬೇಕಾದವು ಅವೇ. ದೊಡ್ಡವಾಗುವವು ಬಹಳ ಕಡಿಮೆ. ಈ ಎಲ್ಲದರಲ್ಲಿ ತಾಯಿಯ ನೆನಹಿಗೆ ಎಲ್ಲಿಯೂ ಕೆಲಸವಿಲ್ಲ. ಪುಸ್ತಕದಲ್ಲಿ ಓದಿದ್ದ ಈ ಸತ್ಯವನ್ನು ನಾನು ನನ್ನ ಬಾಳಿಗೆ ಎಂದೂ ಹಚ್ಚಿ ನೋಡಿರಲಿಲ್ಲ. ಆ ಕತ್ತಲೆಯಲ್ಲಿ ನನ್ನ ಊರುಗೋಲು ಕೈಜಾರಿತು.

ನಿದ್ದೆ ಬರಲಿಲ್ಲ. ಬೆಳಗಿನಲ್ಲಿ ಮತ್ತೆ ದಂಡೆಗೆ ಹೋದಾಗ ಆಮೆ ತೆವಳಿದ ದಾರಿ ಮರಳಿನಲ್ಲಿ ಹಾಗೆಯೇ ಇತ್ತು. ಸೂರ್ಯ ಹುಟ್ಟಿದ ಮೇಲೆ ಊರಿಗೆ ಫೋನು ಮಾಡಿದೆ. ನಮ್ಮ ಗಡಿಯಾರ ಅಲ್ಲಿಗಿಂತ ಒಂದೂವರೆ ತಾಸು ಮುಂದೆ. ಶನಿವಾರ ಮುಂಜಾನೆಯ ಶಾಲೆಗೆ ಹೊರಟಿದ್ದ ಮಗಳು ಅಜ್ಜಿಯ ಮುಂದೆ ಕುಳಿತು ಜಡೆ ಹೆಣಿಸಿಕೊಳ್ಳುತ್ತಿದ್ದಳು. ಅವಳಿಗೆ ಆಮೆಯ ಕಥೆ ಹೇಳಿದೆ.

“ಮತ್ತ ಅದರ ಮರೀನ ಯಾರು ನೋಡ್ಕೋತಾರ?”

“ಯಾರೂ ಇಲ್ಲವ್ವ. ಅವ ಹೋಗ್ತಾವ.”

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೇಳಿದಳು: “ಅವಕ್ಕ ಅಜ್ಜೀನೂ ಇಲ್ಲೇನು?”

ನಾನು ಫೋನು ಹಿಡಿದುಕೊಂಡೇ ಮರಳಿನ ಮೇಲೆ ಕುಳಿತುಬಿಟ್ಟೆ. ಎರಡು ವರ್ಷ ನನ್ನ ಮಗುವನ್ನು ಸಲಹಿದ್ದು ನನ್ನ ನೆನಹಲ್ಲ. ಜ್ವರ ಬಂದಾಗ ಹಣೆಯ ಮೇಲೆ ಒದ್ದೆಬಟ್ಟೆ ಹಾಕಿದವರು, ನಸುಕಿನಲ್ಲಿ ಎದ್ದು ರೊಟ್ಟಿ ಬಡಿದವರು, ಮೊಣಕಾಲು ನೋವಿದ್ದರೂ ಶಾಲೆಯ ಬಾಗಿಲತನಕ ನಡೆದವರು ಎಪ್ಪತ್ತರ ಅಂಚಿನ ನನ್ನ ಅತ್ತೆಯವರು. ಮೊಟ್ಟೆಗೆ ಮರಳು ಹೇಗೋ ಮಗುವಿಗೆ ಅವರು ಹಾಗೆ. ನಾನು ತಿಂಗಳು ತಿಂಗಳಿಗೆ ಹಣ ಕಳಿಸಿ, ವಾರಕ್ಕೊಮ್ಮೆ ಮಾತಾಡಿ, ಸಲಹುವವಳು ನಾನೇ ಎಂದು ತಿಳಿದಿದ್ದೆ. “ಅತ್ತೀ, ನಿಮಗೆ ಸಾಕಾಗೈತೇನ್ರೀ?” ಎಂದು ಅಂದೇ ಮೊದಲ ಸಲ ಕೇಳಿದೆ. “ಸಾಕಾದ್ರ ಯಾರಿಗೆ ಹೇಳ್ಲಿ ಯವ್ವಾ” ಎಂದು ಅವರು ನಕ್ಕರು.

2014ರ ಮಾರ್ಚಿನಲ್ಲಿ ನಾನು ಮರಳಿ ಬಂದೆ. ಸಾಲ ಪೂರ್ತಿ ತೀರಿರಲಿಲ್ಲ. ಕುಷ್ಟಗಿಯ ಶಾಲೆಯೊಂದರಲ್ಲಿ ಸಿಕ್ಕ ಸಂಬಳ ಅಲ್ಲಿಯದರ ಕಾಲುಭಾಗವೂ ಇರಲಿಲ್ಲ. ಉಳಿದ ಸಾಲ ಹರಿಯಲು ಐದು ವರ್ಷ ಹಿಡಿಯಿತು. ಮಗಳು ಬಹಳ ದಿನ ಅಜ್ಜಿಯ ಮಗ್ಗುಲಲ್ಲೇ ಮಲಗಿದಳು. ನನ್ನ ಕೈಯಲ್ಲಿ ಜಡೆ ಹಾಕಿಸಿಕೊಳ್ಳಲು ಒಪ್ಪಲಿಲ್ಲ. ನನಗೆ ನೋವಾದರೂ ಅದು ನ್ಯಾಯವೆಂದೇ ತೋರಿತು.

ಪರದೇಶದ ದುಡಿಮೆಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆ ದುಡಿಮೆಯಿಂದಲೇ ನಮ್ಮ ಹೊಲ ಉಳಿಯಿತು. ಇಂದಿಗೂ ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಮಕ್ಕಳು ದೂರ ಹೋಗಿದ್ದಾರೆ, ಮೊಮ್ಮಕ್ಕಳು ಅಜ್ಜ ಅಜ್ಜಿಯರ ಬಳಿ ಬೆಳೆಯುತ್ತಿದ್ದಾರೆ. ದೂರವಿದ್ದವರು ಮಗುವಿನ ಕುಶಲ ಕೇಳಿದ ಮೇಲೆ ಮಗುವನ್ನು ನೋಡಿಕೊಳ್ಳುವವರ ಕುಶಲವನ್ನೂ ಕೇಳಲಿ ಎಂಬುದಷ್ಟೇ ನನ್ನ ಬಿನ್ನಹ.

ಬಂದ ವರ್ಷವೇ ಮಳೆಗಾಲದ ಕೊನೆಗೆ ಎಲ್ಲರೂ ಕೂಡಿ ಮುನಿರಾಬಾದಿಗೆ ಹೋದೆವು. ತುಂಬಿದ ನೀರನ್ನು ನೋಡುತ್ತ ಅತ್ತೆಯವರು ಕೇಳಿದರು: “ಕಡಲು ಇದಕಿಂತ ದೊಡ್ಡದೈತೇನು?”

“ಹೌದ್ರೀ ಅತ್ತಿ. ಆಚಿ ದಂಡಿ ಕಾಣೂದಿಲ್ಲ.”

“ದಂಡಿ ಕಾಣದಿದ್ರ ತಿರುಗಿ ಬರಾಕ ದಾರಿ ಹೆಂಗ ಸಿಕ್ತು ನಿನಗ?”

ನಾನು ಉತ್ತರ ಹುಡುಕುತ್ತಿರುವಾಗ ಮಗಳು ಅಜ್ಜಿಯ ಸೆರಗು ಹಿಡಿದು ನೀರಿನ ಕಡೆಗೆ ಎಳೆದಳು. ಇನ್ನೊಂದು ಕೈಯನ್ನು ನನ್ನ ಕಡೆ ಚಾಚಿದ್ದಳು.